ಹುಲಿ ನೋಡೋಕೆ ಬಸ್ಸಿದೆ, ಶಾಲೆ ನೋಡೋಕೆ ಯಾರಿದ್ದಾರೆ?

ಶಿವಮೊಗ್ಗದಲ್ಲಿ ಸಾಗರದ ಬಸ್ಸು ಹತ್ತಿ ಕೂತ ಮಹಾಶಯರಿಗೆ ತ್ಯಾವರೆಕೊಪ್ಪ ಅಂದ ಕೂಡಲೇ ನೆನಪಾಗೋದು ಒಂದೇ: ಹುಲಿ-ಸಿಂಹ! 1988ರಲ್ಲಿ ಇಲ್ಲಿ ಸಫಾರಿ ಶುರುವಾಯಿತು. ಪೇಟೆಯಿಂದ ಹತ್ತು ಕಿಲೋಮೀಟರ್ ದಾರಿ. ಭಾನುವಾರ ಬಂತೆಂದರೆ ಹೆಂಡತಿ ಮಕ್ಕಳನ್ನು ಕರಕೊಂಡು, ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಜನ ಬರುತ್ತಾರೆ. ಪಂಜರದ ವ್ಯಾನಿನಲ್ಲಿ ಕೂತು, ನೆರಳಲ್ಲಿ ಮಲಗಿದ ಹುಲಿಯನ್ನು ನೋಡಿ, "ಅಯ್ಯೋ, ಇದು ಏಳೋದೇ ಇಲ್ಲವಲ್ಲ" ಅಂತ ಬೈದು ವಾಪಸ್ಸು ಹೋಗುತ್ತಾರೆ.

ಆದರೆ ಇದೇ ಸಾಗರ ರಸ್ತೆಯ ಆಚೆ ಈಚೆ ಇನ್ನೊಂದು ಜಾತಿಯ ಪ್ರಾಣಿ ಇದೆ. ಅದನ್ನು ನೋಡೋಕೆ ಟಿಕೆಟ್ಟಿಲ್ಲ, ನೋಡೋಕೆ ಬರುವವರೂ ಇಲ್ಲ. ಆಲ್ಕೊಳ ಸರ್ಕಲ್ ದಾಟಿ ಗಾಡಿಕೊಪ್ಪ, ಮುದ್ದಿನಕೊಪ್ಪ, ತ್ಯಾವರೆಕೊಪ್ಪ ಅಂತ ಸಾಲು ಸಾಲಾಗಿ ಬರುವ 'ಕೊಪ್ಪ'ಗಳ ದಾರಿ ಇದು. ಕೊಪ್ಪ ಅಂದರೆ ನಾಲ್ಕಾರು ಮನೆಯ ಚಿಕ್ಕ ಊರು. ಇಂಥ ಊರುಗಳನ್ನು ಲೋಕದ ಜೊತೆ ಸೇರಿಸಿದ್ದು ಎರಡೇ ಎರಡು: ಒಂದು ಬಸ್ಸು, ಇನ್ನೊಂದು ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆ. ಬಸ್ಸಿನ ಸಂಖ್ಯೆ ಹೆಚ್ಚಿತು. ಶಾಲೆಯ ಮಕ್ಕಳ ಸಂಖ್ಯೆ?

ಬೆಳಿಗ್ಗೆ ಎಂಟೂವರೆಗೆ ರಸ್ತೆ ಬದಿ ನಿಂತು ನೋಡಿ. ಟೈ ಕಟ್ಟಿದ ಪುಟಾಣಿಗಳನ್ನು ತುಂಬಿಕೊಂಡು ಹಳದಿ ವ್ಯಾನುಗಳು ಪೇಟೆ ಕಡೆ ಓಡುತ್ತಿರುತ್ತವೆ. ಊರಿನ ಮಕ್ಕಳು ಪೇಟೆಗೆ, ಊರಿನ ಶಾಲೆಗೆ ಪಾಠ ಹೇಳುವ ಮೇಷ್ಟ್ರು ಪೇಟೆಯಿಂದ ಊರಿಗೆ! ಎದುರು ಬದುರು ದಾಟುವ ಈ ಎರಡು ಗಾಡಿಗಳ ನಡುವೆ ನೂರು ವರ್ಷಕ್ಕೂ ಮೀರಿದ ಒಂದು ಕಥೆ ಇದೆ. ಆ ಕಥೆ ಯಾವ ಪುಸ್ತಕದಂಗಡಿಯಲ್ಲೂ ಸಿಗೋದಿಲ್ಲ. ಅದು ಇರೋದು ಹೆಡ್ ಮೇಷ್ಟ್ರ ಕಬ್ಬಿಣದ ಬೀರುವಿನಲ್ಲಿ. ಅದಕ್ಕೆ ದಾಖಲಾತಿ ಪುಸ್ತಕ ಅಂತ ಹೆಸರು, ಬಾಯಿಮಾತಿನಲ್ಲಿ ಅಡ್ಮಿಷನ್ ರಿಜಿಸ್ಟರ್.

ಮರಳಿನಿಂದ ಸ್ಲೇಟಿಗೆ

ಸರ್ಕಾರಿ ಶಾಲೆ ಬರುವ ಮುಂಚೆ ಊರೂರಲ್ಲಿ ಇದ್ದದ್ದು ಕೂಲಿಮಠ. ಅಯ್ಯಗಳು ಜಗಲಿ ಮೇಲೋ, ದೇವಸ್ಥಾನದ ಪಡಸಾಲೆಯಲ್ಲೋ ಮರಳು ಹರವಿ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿ, ಲೆಕ್ಕ, ಓಲೆ ಓದುವುದು, ಇಷ್ಟು ಬಂದರೆ ಹುಡುಗ ಹುಷಾರಾದ ಅಂತ ಲೆಕ್ಕ. ಸಂಬಳ ಅಂದರೆ ಭತ್ತ, ಕಾಯಿ, ಹಬ್ಬಕ್ಕೊಂದು ಪಂಚೆ. ಕೂಲಿಮಠದಲ್ಲಿ ರಿಜಿಸ್ಟರ್ ಇರಲಿಲ್ಲ. ಅಲ್ಲಿ ಯಾರು ಕಲಿತರು, ಯಾರನ್ನು ಒಳಗೆ ಬಿಡಲಿಲ್ಲ ಅನ್ನೋದಕ್ಕೆ ಸಾಕ್ಷಿಯೂ ಇಲ್ಲ.

1868ರಲ್ಲಿ ಮೈಸೂರು ಸೀಮೆಯಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಅದನ್ನು ರೂಪಿಸಿದವರು ಬಿ.ಎಲ್. ರೈಸ್. ಹೌದು, ಮುಂದೆ ನಮ್ಮ ಜಿಲ್ಲೆಯ ಊರೂರು ಸುತ್ತಿಸಿ ಕಲ್ಲಿನ ಶಾಸನಗಳನ್ನೆಲ್ಲ ಬರೆಸಿ ಅಚ್ಚು ಹಾಕಿಸಿದ ಅದೇ ರೈಸ್ ಸಾಹೇಬರು! ಹೋಬಳಿಗೊಂದು ಶಾಲೆ, ಕಟ್ಟಡ ಊರವರದ್ದು, ಮೇಷ್ಟ್ರು ಸರ್ಕಾರದವರು. ಇದು ಆ ಯೋಜನೆಯ ಸಾರ. ರೈಸರು ಕಲ್ಲಿನ ಮೇಲಿನ ದಾನ-ದತ್ತಿಯ ಲೆಕ್ಕ ಉಳಿಸಿದರು. ಅವರು ಶುರು ಮಾಡಿಸಿದ ಶಾಲೆಗಳ ದಾರಿಯಲ್ಲಿ ಹುಟ್ಟಿದ ಕಾಗದದ ಶಾಸನವನ್ನು ಉಳಿಸುವವರು ಯಾರು? ಈ ಪ್ರಶ್ನೆ ಹಾಗೇ ಇರಲಿ, ಮುಂದೆ ಬರೋಣ.

ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದರು. ಮಾರನೇ ವರ್ಷವೇ, ಅಂದರೆ 1913ರಲ್ಲಿ, ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ಬಂತು. ಸರ್ಕಾರ ಗೊತ್ತು ಮಾಡಿದ ಕಡೆಗಳಲ್ಲಿ ಮಕ್ಕಳನ್ನು ಶಾಲೆಗೆ ಕಳಿಸೋದು ಕಡ್ಡಾಯ ಅಂತಾಯಿತು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯೋಕೆ ಶುರುವಾದದ್ದು 1923ರಲ್ಲಿ. ಕಾರ್ಖಾನೆಗಿಂತ ಹತ್ತು ವರ್ಷ ಮುಂಚೆ ಕಡ್ಡಾಯ ಶಾಲೆ ಅನ್ನೋ ಮಾತು ಹುಟ್ಟಿತ್ತು ಅನ್ನೋದನ್ನು ಮರೆಯಬಾರದು.

ಅದೇ ದಶಕದಲ್ಲಿ ಪಂಚಮರ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ತೆರೆಯಬೇಕು ಅಂತ ಆದೇಶವಾಯಿತು. ದೊಡ್ಡವರು ಅನ್ನಿಸಿಕೊಂಡವರಿಂದ ವಿರೋಧವೂ ಬಂತು. ಬಾಗಿಲು ಕಾಗದದ ಮೇಲೆ ತೆರೆದರೂ, ಎಷ್ಟೋ ಊರುಗಳಲ್ಲಿ ಆ ಮಗು ಬಹಳ ವರ್ಷ ಹೊಸ್ತಿಲ ಹೊರಗೇ ಕೂತು ಪಾಠ ಕೇಳಬೇಕಾಯಿತು. ಹಳೇ ರಿಜಿಸ್ಟರಿನಲ್ಲಿ ಜಾತಿಯ ಕಾಲಂ ಮೇಲಿಂದ ಕೆಳಕ್ಕೆ ಓದಿ ನೋಡಿ. ಯಾವ ಕೇರಿಯ ಮಗು ಯಾವ ವರ್ಷ ಮೊದಲ ಸಲ ಒಳಗೆ ಬಂತು ಅನ್ನೋದು ಅಲ್ಲಿ ಗೊತ್ತಾಗುತ್ತೆ. ಊರಿನ ನಿಜವಾದ ಚರಿತ್ರೆ ಅಂದರೆ ಅದೇ ಅಲ್ಲವೇ?

ಶಾಲೆಗಳನ್ನು ನೋಡಿಕೊಳ್ಳುವ ಕೆಲಸ 1930ರ ಕಾನೂನಿನಿಂದ ಸ್ಥಳೀಯ ಸಂಸ್ಥೆಗಳ ಕೈಗೆ ಹೋಯಿತು. ದುಡ್ಡಿಲ್ಲ, ಒಗ್ಗಟ್ಟಿಲ್ಲ. ಅಲ್ಲಿ ಕೈ ಹತ್ತಲಿಲ್ಲ ಅಂತ 1941ರಲ್ಲಿ ಸರ್ಕಾರ ವಾಪಸ್ಸು ತೆಗೆದುಕೊಂಡಿತು. ರಾಜ್ಯಗಳು ಒಂದಾದ ಮೇಲೆ 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಹೊಸ ಕಾಯಿದೆ ಬಂತು. ಹಳ್ಳಿ ಹಳ್ಳಿಗೆ ಏಕೋಪಾಧ್ಯಾಯ ಶಾಲೆ ಬಂದದ್ದು ಆ ಸುಮಾರಿಗೆ. ಒಂದು ಕೋಣೆ, ಒಬ್ಬ ಮೇಷ್ಟ್ರು, ನಾಲ್ಕು ಕ್ಲಾಸು. ಗಂಟೆ ಅಂದರೆ ತೂಗುಹಾಕಿದ ರೈಲು ಹಳಿಯ ತುಂಡು. ಬೋರ್ಡು ಬೆಳ್ಳಗಾದರೆ ಇದ್ದಿಲ ಪುಡಿಗೆ ಸೊಪ್ಪಿನ ರಸ ಕಲಸಿ ಮಕ್ಕಳೇ ಬಳಿಯಬೇಕು.

ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ

ನಿಮ್ಮ ಅಂಗಡಿಗೆ ಬರುವ ಅರವತ್ತು ದಾಟಿದ ಹತ್ತು ಜನರ ಆಧಾರ್ ಕಾರ್ಡು ನೋಡಿ. ನಾಲ್ಕೈದು ಜನ ಜೂನ್ ಒಂದನೇ ತಾರೀಖು ಹುಟ್ಟಿದವರೋ, ಅದರ ಆಜುಬಾಜಿನವರೋ ಆಗಿದ್ದರೆ ಆಶ್ಚರ್ಯ ಪಡಬೇಡಿ. ಮಲೆನಾಡಿನ ತಾಯಂದಿರೆಲ್ಲ ಮುಂಗಾರಿನ ಮುಹೂರ್ತ ಇಟ್ಟುಕೊಂಡು ಹೆತ್ತರೇ? ಹಾಗಲ್ಲ ಸ್ವಾಮಿ!

ಆಗ ಅಪ್ಪ ಮಗನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ತರುತ್ತಿದ್ದ. ಮೇಷ್ಟ್ರು, "ಹುಟ್ಟಿದ್ದು ಯಾವಾಗಯ್ಯಾ?" ಅಂದರೆ, "ದೊಡ್ಡ ಮಳೆ ಬಂದು ಸೇತುವೆ ಕೊಚ್ಚಿಹೋಯ್ತಲ್ಲ, ಅದರ ಮುಂದಿನ ವರ್ಷ ಸ್ವಾಮಿ" ಅನ್ನುವ ಉತ್ತರ. ಮೇಷ್ಟ್ರು ಹುಡುಗನನ್ನು ಎದುರು ನಿಲ್ಲಿಸಿ, ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ವಯಸ್ಸು ಆಯಿತು, ಸೇರಿಸಿಕೋ! ಶಾಲೆ ಶುರುವಾಗುವ ಜೂನ್ ತಿಂಗಳಿಂದ ಹಿಂದಕ್ಕೆ ಎಣಿಸಿ ಒಂದು ತಾರೀಖು ಬರೆದರೆ ಮುಗಿಯಿತು.

ಆ ಒಂದು ಗೆರೆ ಬರಹ ಹುಡುಗನನ್ನು ಸಾಯೋವರೆಗೂ ಬಿಡೋದಿಲ್ಲ. ಕೆಲಸಕ್ಕೆ ಅರ್ಜಿ, ಬಡ್ತಿ, ನಿವೃತ್ತಿ, ವೃದ್ಧಾಪ್ಯ ವೇತನ, ಎಲ್ಲ ಅದರ ಮೇಲೆಯೇ. ಜನನ-ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ಬಂದ ಮೇಲೂ ಹಳ್ಳಿಗಳಲ್ಲಿ ಬರೆಸಿದವರು ಬಹಳ ಕಡಿಮೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ ಅಂತ ಕಾನೂನು ತಿದ್ದುಪಡಿಯಾಗಿದೆ. ಅದಕ್ಕೆ ಮುಂಚೆ ಹುಟ್ಟಿದ ನಾವು ನೀವೆಲ್ಲ? ಜನನ ಪತ್ರ ಇಲ್ಲದವರಿಗೆ ಈಗಲೂ ಆಸರೆ ಆ ಬೀರುವೇ.

ಇನ್ನೊಂದು ಮಾತು. ಸರ್ಕಾರಿ ನೌಕರಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆಯಾಗಿ ನೂರಕ್ಕೆ ಐದು ಇದೆ. ಎರಡಕ್ಕೂ ಬೇಕಾದ್ದು ಓದಿದ ಶಾಲೆಯ ಹೆಡ್ ಮೇಷ್ಟ್ರ ಸಹಿ. ಹೆಡ್ ಮೇಷ್ಟ್ರು ಸಹಿ ಹಾಕಬೇಕಾದರೆ ರಿಜಿಸ್ಟರಿನಲ್ಲಿ ಹೆಸರಿರಬೇಕು. ರಿಜಿಸ್ಟರನ್ನು ಗೆದ್ದಲು ತಿಂದಿದ್ದರೆ? ಇಪ್ಪತ್ತೈದು ವರ್ಷದ ಹುಡುಗ ಅರ್ಜಿ ಹಿಡಿದು ಇವತ್ತು ಬನ್ನಿ ನಾಳೆ ಬನ್ನಿ ಅಂತ ಅಲೆಯಬೇಕಾಗುತ್ತೆ. ಕೊನೇ ತಾರೀಖು ಯಾರಿಗೂ ಕಾಯೋದಿಲ್ಲ.

ಮುಳುಗಿದ ಊರಿನ ಮಕ್ಕಳು

ಸಾಗರ ರಸ್ತೆಯ ಶಾಲೆಗಳ ಕಥೆ ಹೇಳುವಾಗ ಶರಾವತಿಯನ್ನು ಬಿಟ್ಟು ಮಾತಾಡೋಕೆ ಆಗೋದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆಲ್ಲ ದೀಪ ಬಂತು. ಆ ದೀಪದ ಬುಡದಲ್ಲಿ ಕತ್ತಲೆಯಾದದ್ದು ಸಾಗರ, ಹೊಸನಗರ ಸೀಮೆಯ ಸಂಸಾರಗಳಿಗೆ. ತೋಟ, ಗದ್ದೆ, ದೇವರ ಬನ ಎಲ್ಲ ನೀರಿನಡಿ ಹೋಯಿತು. ಸಾಗರದ ಲೇಖಕ, 2025ರಲ್ಲಿ ತೀರಿಕೊಂಡ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಬರೆದದ್ದು ಈ ಸಂಕಟದ ಮೇಲೆಯೇ.

ಆ ಜನರನ್ನು ಲಾರಿಯಲ್ಲಿ ಹೇರಿಕೊಂಡು ಬಂದು ಶಿವಮೊಗ್ಗ ತಾಲ್ಲೂಕೂ ಸೇರಿ ಜಿಲ್ಲೆಯ ಹಲವು ಕಡೆ ಕಾಡಂಚಿನಲ್ಲಿ ಇಳಿಸಲಾಯಿತು. ಮುಳುಗಿದ ಊರಿನ ಜೊತೆ ಅಲ್ಲಿನ ಶಾಲೆಯೂ ಮುಳುಗಿತು. ಆದರೆ ಮಕ್ಕಳು ಮುಳುಗಲಿಲ್ಲವಲ್ಲ! ಅವರು ಹೊಸ ಊರಿನ ಶಾಲೆಗೆ ಬಂದು ಸೇರಬೇಕು. ದಾಖಲಾತಿ ಪುಸ್ತಕದಲ್ಲಿ 'ಹಿಂದೆ ಓದಿದ ಶಾಲೆ' ಅಂತ ಒಂದು ಕಾಲಂ ಇರುತ್ತದೆ. ಭೂಪಟದಲ್ಲಿ ಹೆಸರೇ ಅಳಿಸಿಹೋದ ಊರು ಎಷ್ಟೋ ಕಡೆ ಉಳಿದಿರೋದು ಆ ಕಾಲಮ್ಮಿನಲ್ಲಿ ಮಾತ್ರ.

ಇದು ಬರೀ ಭಾವನೆಯ ಮಾತಲ್ಲ, ಹೊಟ್ಟೆಯ ಮಾತು. ಸಂತ್ರಸ್ತರಿಗೆ ಕೊಟ್ಟ ಎಷ್ಟೋ ಜಾಗ ಇವತ್ತಿಗೂ ಕಾಗದದಲ್ಲಿ ಅರಣ್ಯ. ಅದನ್ನು ಅರಣ್ಯದ ಪಟ್ಟಿಯಿಂದ ಬಿಡಿಸುವ ಡಿನೋಟಿಫಿಕೇಷನ್ ಆದೇಶಗಳು ಹೈಕೋರ್ಟಿನ ತೀರ್ಪಿನ ಬೆನ್ನಿಗೆ 2021ರಲ್ಲಿ ರದ್ದಾದವು. 2006ರ ಅರಣ್ಯ ಹಕ್ಕು ಕಾಯಿದೆಗೆ ಹೋದರೆ, ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವು ಅಂತ ತೋರಿಸಬೇಕು. ಲೆಕ್ಕ ಹಾಕಿ: 1930ರ ಹಿಂದಿನ ಪುರಾವೆ! ಸರ್ಕಾರವೇ 1960ರ ದಶಕದಲ್ಲಿ ತಂದು ಇಳಿಸಿದವರು 1930ರ ಪುರಾವೆ ಎಲ್ಲಿಂದ ತರಬೇಕು? ನಾವು ಕಾಡು ಕಬಳಿಸಿದವರಲ್ಲ, ಮುಳುಗಿದ ಊರಿನಿಂದ ಬಂದವರು, ಇಂಥಾ ವರ್ಷದಿಂದ ಇಲ್ಲೇ ಇದ್ದೇವೆ ಅಂತ ಹೇಳೋಕೆ ಅವರ ಹತ್ತಿರ ಏನಿದೆ? ಹಣೆಬರಹ ಚೆನ್ನಾಗಿದ್ದರೆ ಒಂದು ಹಕ್ಕುಪತ್ರ, ಮತ್ತೆ ಮಗನ ಶಾಲೆಯ ದಾಖಲೆ.

ಉಪ್ಪಿಟ್ಟಿನ ಕಾಲ

ಆ ಕಾಲದ ಹುಡುಗರನ್ನು ಶಾಲೆಗೆ ಎಳೆದದ್ದು ಪಾಠವೋ, ಉಪ್ಪಿಟ್ಟೋ? ಈಗ ಎಪ್ಪತ್ತರ ಹತ್ತಿರ ಇರುವವರನ್ನು ಕೇಳಿ, ಮುಸಿ ಮುಸಿ ನಗುತ್ತಾರೆ. ಅಮೆರಿಕದಿಂದ ಕೇರ್ ಸಂಸ್ಥೆಯ ಮೂಲಕ ಗೋಧಿ ರವೆ, ಹಾಲಿನ ಪುಡಿ ಬರುತ್ತಿತ್ತು. ಅದರದ್ದೇ ಒಂದು ವಾಸನೆ. ಸೌದೆ ತರೋ ಸರದಿ, ನೀರು ಹೊರೋ ಸರದಿ ಮಕ್ಕಳದ್ದು. ಮುತ್ತುಗದ ಎಲೆಯ ಮೇಲೆ ಬಿಸಿ ಉಪ್ಪಿಟ್ಟು ಬಿದ್ದರೆ ಮಗ್ಗಿ ತಾನಾಗಿ ಬಾಯಿಗೆ ಬರುತ್ತಿತ್ತು!

ಹೊಟ್ಟೆಯ ಜೊತೆ ಭೂಮಿಯ ಪ್ರಶ್ನೆಯೂ ಇತ್ತು. 1951ರಲ್ಲಿ ಸಾಗರದ ಪಕ್ಕದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂ ಸುಧಾರಣೆಗೆ ತಿದ್ದುಪಡಿ ತಂದು, ಉಳುವವನೇ ಹೊಲದೊಡೆಯ ಅಂತ ಮಾಡಿತು. ಧಣಿಯ ಮನೆಯ ದನ ಕಾಯಬೇಕಾದ ಹುಡುಗ ಸ್ಲೇಟು ಬಳಪ ಹಿಡಿದದ್ದು ಇಂಥ ಬದಲಾವಣೆಗಳ ನಂತರ. ಕಾನೂನು ವಿಧಾನಸೌಧದಲ್ಲಿ ಪಾಸಾಗಬಹುದು, ಅದು ಊರಿಗೆ ಬಂದು ತಲುಪಿದ್ದು ಹಾಜರಿ ಪುಸ್ತಕದಲ್ಲಿ ಕಾಣಿಸುತ್ತದೆ.

1987ರಲ್ಲಿ ಕೇಂದ್ರ ಸರ್ಕಾರದ ಆಪರೇಷನ್ ಬ್ಲ್ಯಾಕ್ ಬೋರ್ಡ್ ಬಂತು. ಒಂದು ಕೋಣೆಗೆ ಎರಡು ಕೋಣೆ, ಒಬ್ಬ ಮೇಷ್ಟ್ರಿಗೆ ಇಬ್ಬರು. ಆ ಇನ್ನೊಬ್ಬರು ಆದಷ್ಟೂ ಟೀಚರಮ್ಮನೇ ಆಗಿರಲಿ ಅನ್ನೋದು ಆಶಯ. 2001ರಲ್ಲಿ ಎಸ್.ಡಿ.ಎಂ.ಸಿ. ಅಂತ ಪೋಷಕರ ಸಮಿತಿ ಆಯಿತು. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಬಿಸಿಯೂಟ ಮಾರನೇ ವರ್ಷ ನಮ್ಮ ಕಡೆಗೂ ಬಂತು. 2013ರಿಂದ ಹಾಲು. 2010ರಿಂದ ಶಿಕ್ಷಣ ಹಕ್ಕು ಕಾಯಿದೆ, ಅಂದರೆ ಮನೆಯಿಂದ ಒಂದು ಕಿಲೋಮೀಟರ್ ಒಳಗೆ ಪ್ರಾಥಮಿಕ ಶಾಲೆ ಮಗುವಿನ ಹಕ್ಕು.

ನೋಡಿ ವಿಚಿತ್ರ! ಕೋಣೆ ಇಲ್ಲದಾಗ, ಅನ್ನ ಇಲ್ಲದಾಗ ಶಾಲೆ ತುಂಬಿತ್ತು. ಕೋಣೆ ಬಂತು, ಅನ್ನ ಬಂತು, ಹಾಲು ಬಂತು, ಶೂ ಬಂತು. ಮಕ್ಕಳು ಹೋದರು.

ವ್ಯಾನು ಬಂತು ದಾರಿಬಿಡಿ

ಅಪ್ಪ ಅಮ್ಮಂದಿರನ್ನು ಬೈದು ಪ್ರಯೋಜನವಿಲ್ಲ. "ನಾವಂತೂ ಹೀಗಾದ್ವಿ, ಮಗ ಆದ್ರೂ ನಾಲ್ಕು ಇಂಗ್ಲಿಷ್ ಮಾತಾಡ್ಲಿ" ಅನ್ನೋ ಆಸೆ ತಪ್ಪಲ್ಲ. ಗೋಕಾಕ್ ಚಳವಳಿ ನಡೆದದ್ದು 1982ರಲ್ಲಿ. 1994ರಲ್ಲಿ ಪ್ರಾಥಮಿಕ ಹಂತಕ್ಕೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮ ಅಂತ ಆದೇಶ ಬಂತು. ಅದು ಕೋರ್ಟು ಮೆಟ್ಟಿಲು ಹತ್ತಿ, 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮವನ್ನು ಸರ್ಕಾರ ಬಲವಂತ ಮಾಡುವ ಹಾಗಿಲ್ಲ ಅಂದಿತು. ಅಷ್ಟರಲ್ಲಿ, 2007ರಲ್ಲೇ, ಸರ್ಕಾರಿ ಶಾಲೆಯಲ್ಲೂ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಒಂದು ಪಾಠವಾಗಿತ್ತು. 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಬಂತು.

ಮಧ್ಯೆ ಇನ್ನೊಂದು ತಮಾಷೆ ನಡೆಯಿತು. ಶಿಕ್ಷಣ ಹಕ್ಕು ಕಾಯಿದೆಯ ಲೆಕ್ಕದಲ್ಲಿ ಖಾಸಗಿ ಶಾಲೆಯ ನೂರಕ್ಕೆ ಇಪ್ಪತ್ತೈದು ಸೀಟು ಬಡ ಮಕ್ಕಳಿಗೆ, ಫೀಸು ಸರ್ಕಾರದ್ದು. ಅಂದರೆ ತನ್ನ ಶಾಲೆಯಿಂದ ಮಗುವನ್ನು ಕಳಿಸಿಕೊಡೋಕೆ ಸರ್ಕಾರವೇ ಬಸ್ ಚಾರ್ಜು ಕೊಟ್ಟ ಹಾಗೆ! ಹತ್ತಿರ ಸರ್ಕಾರಿ ಶಾಲೆ ಇದ್ದ ಕಡೆ ಇದು ಬೇಡ ಅಂತ 2019ರಲ್ಲಿ ನಿಯಮ ತಿದ್ದಿದರು. ಅಷ್ಟರಲ್ಲಿ ಊರಿನ ಜನಕ್ಕೆ ವ್ಯಾನಿನ ರೂಢಿಯಾಗಿತ್ತು.

ಮಕ್ಕಳು ಕಡಿಮೆಯಾದ ಶಾಲೆಗೆ ಮೇಷ್ಟ್ರು ಕಡಿಮೆ. ಮೇಷ್ಟ್ರು ಕಡಿಮೆಯಾದ ಶಾಲೆಗೆ ಮಕ್ಕಳು ಇನ್ನೂ ಕಡಿಮೆ. ಕೊನೆಗೆ "ಪಕ್ಕದ ಶಾಲೆ ಜೊತೆ ಸೇರಿಸಿ" ಅನ್ನೋ ಮಾತು. ಪೇಟೆಯ ಅಂಚಿನ ಊರುಗಳಿಗೆ ಈ ಭಯ ಎರಡು ಪಟ್ಟು. ಲೇಔಟುಗಳು ಬರುತ್ತಿವೆ, ಸೈಟಿನ ರೇಟು ಏರುತ್ತಿದೆ. ಮಕ್ಕಳಿಲ್ಲದ ಶಾಲೆಯ ಅರ್ಧ ಎಕರೆ ಮೈದಾನದ ಮೇಲೆ ಯಾರ ಕಣ್ಣು ಬೀಳುತ್ತೆ ಅಂತ ನಾವು ಬಿಡಿಸಿ ಹೇಳಬೇಕೇ?

ಶಾಲೆ ಮುಚ್ಚಿದ ದಿನ ಬೆಂಚು ಒಂದು ಕಡೆ, ಪಾತ್ರೆ ಒಂದು ಕಡೆ ಹೋಗುತ್ತೆ. ಬೀರುವಿನ ರಿಜಿಸ್ಟರ್ ಎಲ್ಲಿಗೆ ಹೋಗುತ್ತೆ? ನಿಯಮದ ಪ್ರಕಾರ ಜೋಪಾನವಾಗಿ ಇನ್ನೊಂದು ಶಾಲೆಗೆ ತಲುಪಬೇಕು. ತಲುಪಿತೇ ಅಂತ ಕೇಳೋಕೆ ಊರಿನಲ್ಲಿ ಒಬ್ಬರಾದರೂ ಇರಬೇಕಲ್ಲ?

ಕಿತ್ತಳೆ ಬುಟ್ಟಿಯ ಪಾಠ

ಅಂಗಡಿಯವರು, "ನಮ್ಮಿಂದ ಏನಾಗುತ್ತೆ ಸ್ವಾಮಿ, ನಾವು ವ್ಯಾಪಾರಸ್ಥರು" ಅನ್ನಬಹುದು. ಅವರಿಗೆ ಘಟ್ಟದ ಕೆಳಗಿನ ಒಂದು ನಿಜ ಸಂಗತಿ ಹೇಳಬೇಕು. ಮಂಗಳೂರು ಪೇಟೆಯಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು ಹರೇಕಳ ಹಾಜಬ್ಬ. ಶಾಲೆಗೆ ಹೋದವರಲ್ಲ. ಒಮ್ಮೆ ವಿದೇಶದವರು ಇಂಗ್ಲಿಷಿನಲ್ಲಿ ಹಣ್ಣಿನ ರೇಟು ಕೇಳಿದಾಗ ಉತ್ತರ ಕೊಡೋಕೆ ಆಗಲಿಲ್ಲ. ಆ ನಾಚಿಕೆ ಮನಸ್ಸಿಗೆ ನಾಟಿತು. ಹಣ್ಣು ಮಾರಿದ ಕಾಸು ಕೂಡಿಟ್ಟು, ಕಚೇರಿಯಿಂದ ಕಚೇರಿಗೆ ಅಲೆದು, 2000ದಲ್ಲಿ ತಮ್ಮ ನ್ಯೂಪಡ್ಪು ಊರಿಗೆ ಸರ್ಕಾರಿ ಕನ್ನಡ ಶಾಲೆ ತಂದರು. ಮೊದಲು ಮದರಸದ ಕೋಣೆಯಲ್ಲಿ 28 ಮಕ್ಕಳು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರಲ್ಲಿ ಬರಿಗಾಲಿನಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಸ್ವೀಕರಿಸಿದರು.

ಹಾಜಬ್ಬನವರು ಇಲ್ಲದ ಶಾಲೆಯನ್ನು ತಂದರು. ನಾವು ಇರುವ ಶಾಲೆಯನ್ನು ಉಳಿಸಿಕೊಂಡರೆ ಸಾಕು. ಅದಕ್ಕೆ ಪದ್ಮಶ್ರೀ ಬೇಡ, ಒಂದು ಶನಿವಾರ ಬೆಳಿಗ್ಗೆ ಸಾಕು.

ಓದಿದ ಶಾಲೆಗೆ ಹೋಗಿ. ಹೆಡ್ ಮೇಷ್ಟ್ರಿಗೆ ನಮಸ್ಕಾರ ಹೇಳಿ ದಾಖಲಾತಿ ಪುಸ್ತಕ ಹೇಗಿದೆ ಅಂತ ವಿಚಾರಿಸಿ. ಹೊಲಿಗೆ ಬಿಚ್ಚಿದ್ದರೆ ಬೈಂಡು ಮಾಡಿಸೋ ಖರ್ಚು ಒಂದು ಊಟದ ಬಿಲ್ಲಿಗಿಂತ ಹೆಚ್ಚಾಗೋದಿಲ್ಲ. ಎಸ್.ಡಿ.ಎಂ.ಸಿ.ಯವರು ಇಲಾಖೆಯ ಅನುಮತಿ ಪಡೆದು ಹಳೇ ಪುಸ್ತಕಗಳ ಒಂದೊಂದು ಪ್ರತಿ ತೆಗೆಸಿಡಬಹುದು. ವಿಲೀನದ ಮಾತು ಬಂದ ಕಡೆ, ಯಾವ ಪುಸ್ತಕ ಯಾವ ಶಾಲೆಗೆ ಹೋಯಿತು ಅಂತ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಎಲ್ಲಕ್ಕಿಂತ ಮುಖ್ಯ, ಮನೆಯಲ್ಲಿ ಆರು ವರ್ಷದ ಮಗು ಇದ್ದರೆ, ವ್ಯಾನಿಗೆ ಮುಂಗಡ ಕೊಡುವ ಮುಂಚೆ ಒಂದು ದಿನ ಊರಿನ ಶಾಲೆಯ ಒಳಗೆ ಕೂತು ಪಾಠ ಕೇಳಿ ಬನ್ನಿ. ಚೆನ್ನಾಗಿಲ್ಲದಿದ್ದರೆ ಜಗಳ ಮಾಡಿ. ಚೆನ್ನಾಗಿದ್ದರೆ ಸೇರಿಸಿ. ಎರಡೂ ಶಾಲೆಗೆ ಒಳ್ಳೆಯದೇ. ಯಾರೂ ಜಗಳವಾಡದ ಶಾಲೆ ಸದ್ದಿಲ್ಲದೆ ಮುಚ್ಚುತ್ತೆ.

ಇಲಾಖೆಯ ದೊಡ್ಡವರಿಗೂ ಒಂದು ಮಾತು. ಸಫಾರಿಯ ಹುಲಿಗಳಿಗೆ ಹೆಸರಿದೆ, ಲೆಕ್ಕವಿದೆ, ಕಾವಲಿದೆ. ಒಂದು ಹುಲಿ ಸತ್ತರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತೆ. ಒಂದು ಊರಿನ ತಲೆಮಾರುಗಳ ಹೆಸರಿರುವ ಪುಸ್ತಕ ಗೆದ್ದಲಿನ ಪಾಲಾದರೆ ಅದೂ ಸಾವೇ, ಆದರೆ ಅಳುವವರಿಲ್ಲ. ಕಲ್ಲಿನ ಶಾಸನ ಹುಡುಕಿಸಿ ಬರೆಸೋಕೆ ಹೊರದೇಶದ ಮೂಲದ ರೈಸ್ ಸಾಹೇಬರು ಬೇಕಾದರು. ಈ ಕಾಗದದ ಶಾಸನವನ್ನಾದರೂ ನಾವೇ ಕಾಪಾಡಿಕೊಳ್ಳುವಷ್ಟು ದೊಡ್ಡವರಾಗಿದ್ದೇವೆಯೇ?

ಮುಂದಿನ ಸಲ ತ್ಯಾವರೆಕೊಪ್ಪದಲ್ಲಿ ಕಂಡಕ್ಟರು "ಸಫಾರಿ, ಸಫಾರಿ, ಇಳೀರಿ" ಅಂತ ಕೂಗಿದಾಗ ಹುಲಿಯನ್ನೂ ನೋಡಿ. ವಾಪಸ್ಸು ಬರುವಾಗ ಮಾತ್ರ, ಕಿಟಕಿಯ ಪಕ್ಕ ಕೂತವರೇ, ರಸ್ತೆ ಬದಿಯಲ್ಲಿ ಹಂಚಿನ ಮಾಡಿನ ಶಾಲೆಯೊಂದು ಕಂಡರೆ ಒಂದು ಕ್ಷಣ ಗಮನಿಸಿ. ಬಾಗಿಲು ತೆರೆದಿದೆಯೇ? ಒಳಗಿನಿಂದ ಮಗ್ಗಿಯ ಸದ್ದು ಬರುತ್ತಿದೆಯೇ?

ಬರುತ್ತಿದ್ದರೆ ಊರು ಇನ್ನೂ ಇದೆ ಅಂತ ಅರ್ಥ.